ರೂಬಿ ಕಲಿಯುವವರು ಮೊದಲು ಟೆಸ್ಟ್ ಬರೆಯಲಿ

‘ವಿಕಟಕವಿ’ಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ವಿಕಟಕವಿಯೇ. ತೆನಾಲಿ ರಾಮಕೃಷ್ಣನ ಕಥೆ ಕೇಳಿ ಬೆಳೆದ ಮಕ್ಕಳಿಗೆಲ್ಲ ಇದು ಗೊತ್ತು. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವವರೊಬ್ಬರು, ಒಂದು ಪದ ಹೀಗೆ ಹಿಂದುಮುಂದಾಗಿ ಒಂದೇ ಆಗಿದೆಯೇ ಎಂದು ಹೇಳುವ ಪುಟ್ಟ ಪ್ರೋಗ್ರಾಂ ಬರೆಯುತ್ತಾರೆ ಎನ್ನಿ. ಪದವನ್ನು ತಿರುಗಿಸಲು ರೂಬಿಯಲ್ಲಿ ‘ರಿವರ್ಸ್’ ಎಂಬ ಸಿದ್ಧ ಮೆಥಡ್ ಇದೆ. ತಿರುಗಿಸಿದ್ದು ಮೂಲಕ್ಕೆ ಸಮವೇ ಎಂದು ಕೇಳಿದರೆ ಮುಗಿಯಿತು, ಒಂದೇ ಸಾಲು. ‘ಕನಕ’ ಕೊಟ್ಟರೆ ಹೌದು ಎನ್ನುತ್ತದೆ. ‘ನಯನ’, ‘ಸರಸ’, ‘ಜಲಜ’ ಎಲ್ಲಕ್ಕೂ ಹೌದು. ‘ಬೆಂಗಳೂರು’ ಕೊಟ್ಟರೆ ಅಲ್ಲ. ಎಲ್ಲ ಸರಿಯಾಗಿದೆ ಎಂದು ಫೈಲ್ ಮುಚ್ಚಿಡಬಹುದು. ಆದರೆ ‘ವಿಕಟಕವಿ’ ಕೊಟ್ಟರೆ ಅದೇ ಪ್ರೋಗ್ರಾಂ ‘ಅಲ್ಲ’ ಎನ್ನುತ್ತದೆ.

ಕಾರಣ ಕನ್ನಡ ಲಿಪಿಯ ರಚನೆಯಲ್ಲಿದೆ. ಓದುವವರ ಕಣ್ಣಿಗೆ ‘ವಿ’ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ‘ವ’ ಮತ್ತು ಗುಡಿಸು ಎಂಬ ಎರಡು ಬೇರೆ ಸಂಕೇತ. ‘ರಿವರ್ಸ್’ ಈ ಸಂಕೇತಗಳನ್ನು ಒಂದೊಂದಾಗಿ ಹಿಂದುಮುಂದು ಮಾಡುತ್ತದೆ. ಹಾಗಾಗಿ ತಿರುಗಿಸಿದ ಪದದಲ್ಲಿ ಒಂದು ಗುಡಿಸು ಯಾವ ಅಕ್ಷರಕ್ಕೂ ಅಂಟದೆ ಮೊದಲಲ್ಲೇ ಒಂಟಿಯಾಗಿ ನಿಲ್ಲುತ್ತದೆ, ಇನ್ನೊಂದು ಹೋಗಿ ‘ಕ’ಕ್ಕೆ ಅಂಟಿ ‘ಕಿ’ ಆಗುತ್ತದೆ. ‘ಕನಕ’, ‘ನಯನ’ಗಳಲ್ಲಿ ಗುಣಿತದ ಚಿಹ್ನೆಯೇ ಇಲ್ಲದ್ದರಿಂದ ತಪ್ಪು ಹೊರಬೀಳಲಿಲ್ಲ.

ಈ ತಪ್ಪು ಯಾವಾಗ ಸಿಗುತ್ತದೆ ಎಂಬುದು ಇಲ್ಲಿ ಮುಖ್ಯ. ಕೋಡ್ ಬರೆಯುವ ಮುಂಚೆಯೇ ‘ಯಾವ ಪದಕ್ಕೆ ಹೌದು ಎನ್ನಬೇಕು’ ಎಂದು ಕುಳಿತು ಯೋಚಿಸುವ ಕನ್ನಡಿಗರಿಗೆ ಮೊದಲು ಹೊಳೆಯುವ ಪದವೇ ವಿಕಟಕವಿ. ಕೋಡ್ ಬರೆದಾದ ಮೇಲೆ ಪರೀಕ್ಷಿಸಲು ಹೊರಟವರು ಬೆರಳಿಗೆ ಸುಲಭವಾದ, ಬೇಗ ಟೈಪ್ ಮಾಡಬಹುದಾದ ಪದ ಕೊಡುತ್ತಾರೆ. ಅವರ ಮನಸ್ಸು ಅಷ್ಟು ಹೊತ್ತಿಗೆ ಪ್ರೋಗ್ರಾಂನ ಪಕ್ಷ ವಹಿಸಿರುತ್ತದೆ. ಕೆಲಸ ಮುಗಿದಿದೆ ಎಂದು ಖಚಿತಪಡಿಸುವ ಉತ್ತರ ಬೇಕಾಗಿರುತ್ತದೆ, ಅಂಥ ಉತ್ತರ ಸಿಕ್ಕೊಡನೆ ನಿಲ್ಲಿಸುತ್ತಾರೆ. ಬೇಕಾದದ್ದೇನು ಎಂಬುದನ್ನು ಮೊದಲು ಬರೆದಿಟ್ಟು, ಅದು ಫೇಲಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಅದನ್ನು ಪಾಸು ಮಾಡಿಸುವಷ್ಟೇ ಕೋಡ್ ಬರೆಯುವ ಪದ್ಧತಿಗೆ ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್ ಎಂದು ಹೆಸರು. ಸಾಫ್ಟ್‌ವೇರ್ ಮಂದಿ ಚಿಕ್ಕದಾಗಿ ಟಿಡಿಡಿ ಎನ್ನುತ್ತಾರೆ. ನಾಲ್ಕೈದು ವರ್ಷ ಅನುಭವ ಆದವರು ಕಲಿಯಬೇಕಾದ ವಿದ್ಯೆ ಇದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆ ನಂಬಿಕೆ ತಪ್ಪು. ಪ್ರೋಗ್ರಾಮಿಂಗ್ ಕಲಿಯಲು ಕುಳಿತ ಮೊದಲ ವಾರದಲ್ಲೇ ಇದು ಹೆಚ್ಚು ಬೇಕು, ಅದಕ್ಕೆ ರೂಬಿಯಷ್ಟು ಹೊಂದುವ ಭಾಷೆಗಳು ಕಡಿಮೆ.

ಪದ್ಧತಿಗೆ ಹೆಸರು ತಂದವರು ಅಮೆರಿಕದ ಕೆಂಟ್ ಬೆಕ್. 1990ರ ದಶಕದಲ್ಲಿ ಸ್ಮಾಲ್‌ಟಾಕ್ ಭಾಷೆಗೆ ಅವರು ಒಂದು ಪುಟ್ಟ ಟೆಸ್ಟ್ ಸಲಕರಣೆ ಬರೆದರು. 1997ರಲ್ಲಿ ಎರಿಕ್ ಗಾಮಾ ಜೊತೆ ವಿಮಾನದಲ್ಲಿ ಜೂರಿಕ್‌ನಿಂದ ಅಟ್ಲಾಂಟಾಗೆ ಹೋಗುತ್ತ ಅದನ್ನೇ ಜಾವಾ ಭಾಷೆಗೆ ತಂದರು, ಜೆಯೂನಿಟ್ ಹುಟ್ಟಿತು. ಈ ಪದ್ಧತಿಯ ಬಗ್ಗೆಯೇ ಅವರು ಬರೆದ ಪುಸ್ತಕ ಹೊರಬಂದದ್ದು 2002ರ ಕೊನೆಯಲ್ಲಿ. ತಾನು ಇದನ್ನು ಕಂಡುಹಿಡಿಯಲಿಲ್ಲ, ಮರಳಿ ಕಂಡುಕೊಂಡೆ ಎಂದೇ ಬೆಕ್ ಹೇಳುತ್ತ ಬಂದಿದ್ದಾರೆ. ಬರಬೇಕಾದ ಉತ್ತರವನ್ನು ಮೊದಲು ಬರೆದಿಟ್ಟುಕೊಂಡು ಅದು ಬರುವವರೆಗೆ ಪ್ರೋಗ್ರಾಂ ತಿದ್ದಬೇಕು ಎಂಬ ಸಲಹೆಯನ್ನು ಅವರು ಹುಡುಗನಾಗಿದ್ದಾಗ ಒಂದು ಹಳೆಯ ಪುಸ್ತಕದಲ್ಲಿ ಓದಿದ್ದರಂತೆ.

ರೂಬಿಯ ಕಥೆ ಜಪಾನಿನದು. ಯುಕಿಹಿರೊ ಮತ್ಸುಮೊಟೊ ಅದರ ಕೆಲಸ ಶುರು ಮಾಡಿದ್ದು 1993ರಲ್ಲಿ, ಮೊದಲ ಆವೃತ್ತಿ ಜನರ ಕೈಗೆ ಸಿಕ್ಕಿದ್ದು 1995ರ ಡಿಸೆಂಬರ್ 21ರಂದು. ಯಂತ್ರದ ಅನುಕೂಲಕ್ಕಿಂತ ಬರೆಯುವವರ ಸಂತೋಷ ದೊಡ್ಡದು ಎಂಬುದು ಅವರ ನಿಲುವು. 2003ರಲ್ಲಿ ಬಂದ 1.8ನೇ ಆವೃತ್ತಿಯಿಂದಲೇ ರೂಬಿಯ ಜೊತೆ ಟೆಸ್ಟ್ ಬರೆಯುವ ಲೈಬ್ರರಿ ಸೇರಿಯೇ ಬರುತ್ತಿತ್ತು. ಮುಂದಿನ ವರ್ಷ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ ರೇಲ್ಸ್ ಎಂಬ ವೆಬ್ ಚೌಕಟ್ಟಿನಿಂದ ರೂಬಿ ಜಗತ್ತಿನ ಮೂಲೆಮೂಲೆಗೂ ಹಬ್ಬಿತು. ರೇಲ್ಸ್‌ನಲ್ಲಿ ಹೊಸ ಯೋಜನೆ ಆರಂಭಿಸಿದರೆ ಟೆಸ್ಟ್‌ಗಳಿಗೆಂದೇ ಒಂದು ಫೋಲ್ಡರ್ ತಾನಾಗಿ ಸಿದ್ಧವಾಗುತ್ತದೆ. ಟೆಸ್ಟ್ ಬರೆಯದೆ ಕೋಡ್ ಕಳಿಸುವುದನ್ನು ಅವಮಾನವೆಂದು ಭಾವಿಸುವ ಒಂದು ಸಮುದಾಯವೇ ಈ ಭಾಷೆಯ ಸುತ್ತ ಬೆಳೆಯಿತು. ಭಾರತದ ಮೊದಲ ರೂಬಿ ಸಮ್ಮೇಳನ 2010ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ.

ಹೊಸಬರಿಗೆ ಇದು ಹೇಗೆ ಕಲಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕಲಿಯುವವರು ಟೆಸ್ಟ್ ಫೈಲಿನಲ್ಲಿ ಮೊದಲು ಬರೆಯುವುದು ಇಷ್ಟೇ: ‘ವಿಕಟಕವಿ’ ಕೊಟ್ಟರೆ ಉತ್ತರ ‘ಟ್ರೂ’ ಬರಬೇಕು. ಇದನ್ನು ಹೇಳಲು ‘ಅಸರ್ಟ್ ಈಕ್ವಲ್’ ಎಂಬ ಮೆಥಡ್ ಇದೆ. ಅದರಲ್ಲಿ ಬರಬೇಕಾದದ್ದು ಮೊದಲು, ನಿಜಕ್ಕೂ ಬಂದದ್ದು ಆಮೇಲೆ. ಪ್ರೋಗ್ರಾಂ ಇನ್ನೂ ಬರೆದಿಲ್ಲ, ಆದರೂ ಓಡಿಸಬೇಕು. ‘ಆ ಹೆಸರಿನ ಮೆಥಡ್ ಇಲ್ಲ’ ಎಂಬ ಎರರ್ ಬರುತ್ತದೆ. ಖಾಲಿ ಮೆಥಡ್ ಒಂದನ್ನು ಬರೆದು ಮತ್ತೆ ಓಡಿಸಿದರೆ ಎರರ್ ಬದಲಾಗಿರುತ್ತದೆ: ಕೊಟ್ಟದ್ದು ಒಂದು, ಮೆಥಡ್ ನಿರೀಕ್ಷಿಸಿದ್ದು ಸೊನ್ನೆ. ಅಂದರೆ ಪದವನ್ನು ತೆಗೆದುಕೊಳ್ಳಲು ಆವರಣದಲ್ಲಿ ಒಂದು ಹೆಸರು ಬೇಕು. ಅದನ್ನೂ ಸೇರಿಸಿ ಓಡಿಸಿದರೆ ಎರರ್ ಹೋಗಿ ಮೊದಲ ಬಾರಿಗೆ ‘ಫೇಲ್ಯೂರ್’ ಬರುತ್ತದೆ: ಬರಬೇಕಾದದ್ದು ‘ಟ್ರೂ’, ಬಂದದ್ದು ‘ನಿಲ್’. ರೂಬಿಯಲ್ಲಿ ಖಾಲಿ ಮೆಥಡ್ ‘ನಿಲ್’ ಅನ್ನು ಹಿಂತಿರುಗಿಸುತ್ತದೆ ಎಂಬ ಸಂಗತಿಯನ್ನು ಯಾರೂ ಪಾಠ ಮಾಡದೆಯೇ ಕಲಿತಾಯಿತು. ಮೆಥಡ್ ಎಂದರೇನು, ಆರ್ಗ್ಯುಮೆಂಟ್ ಎಂದರೇನು, ಹಿಂತಿರುಗಿಸುವ ಮೌಲ್ಯ ಎಂದರೇನು ಎಂಬ ಅಧ್ಯಾಯಗಳು ಪುಸ್ತಕದಲ್ಲಿ ಎಷ್ಟೋ ಪುಟ ಹಿಡಿಯುತ್ತವೆ. ಇಲ್ಲಿ ಅವು ಬೇಕಾದಾಗ, ಬೇಕಾದ ಕ್ರಮದಲ್ಲಿ ಎದುರಾಗುತ್ತವೆ.

ಮುಂದಿನ ಹೆಜ್ಜೆ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಮೆಥಡ್ ಒಳಗೆ ಸುಮ್ಮನೆ ‘ಟ್ರೂ’ ಎಂದು ಬರೆದುಬಿಡುವುದು. ಟೆಸ್ಟ್ ಪಾಸಾಗುತ್ತದೆ! ಇದು ಮೋಸವಲ್ಲವೇ ಎಂದು ಕೇಳುವವರಿಗೆ ಉತ್ತರ ಎರಡನೇ ಟೆಸ್ಟ್‌ನಲ್ಲಿದೆ: ‘ಮೈಸೂರು’ ಕೊಟ್ಟರೆ ‘ಫಾಲ್ಸ್’ ಬರಬೇಕು. ಈಗ ಸುಮ್ಮನೆ ‘ಟ್ರೂ’ ಎನ್ನುವ ಕೋಡ್ ನಿಲ್ಲುವುದಿಲ್ಲ, ನಿಜವಾದ ತರ್ಕ ಬರೆಯಲೇಬೇಕು. ಕಲಿಯುವವರು ‘ರಿವರ್ಸ್’ ಹಾಕುತ್ತಾರೆ. ಮೈಸೂರು ಪಾಸಾಗುತ್ತದೆ, ಇಷ್ಟು ಹೊತ್ತು ಪಾಸಾಗಿದ್ದ ವಿಕಟಕವಿ ಮುರಿದುಬೀಳುತ್ತದೆ. ಒಂದು ಬದಲಾವಣೆ ಇನ್ನೊಂದನ್ನು ಕೆಡಿಸಬಲ್ಲದು ಎಂಬುದು ಇಡೀ ಸಾಫ್ಟ್‌ವೇರ್ ಉದ್ಯಮದ ನಿತ್ಯದ ಸಂಕಟ. ಅದನ್ನು ಕಲಿಯುವವರು ಹತ್ತು ಸಾಲಿನ ಪ್ರೋಗ್ರಾಂನಲ್ಲಿ, ಮೊದಲ ದಿನವೇ ಕಾಣುತ್ತಾರೆ. ಪರಿಹಾರವೂ ರೂಬಿಯಲ್ಲೇ ಇದೆ. 2017ರ ಡಿಸೆಂಬರ್‌ನಲ್ಲಿ ಬಂದ 2.5ನೇ ಆವೃತ್ತಿಯಲ್ಲಿ ‘ಗ್ರಾಫೀಮ್ ಕ್ಲಸ್ಟರ್ಸ್’ ಎಂಬ ಮೆಥಡ್ ಸೇರಿತು. ಅದು ‘ವಿ’ಯನ್ನು ಒಡೆಯದೆ ಇಡಿಯಾಗಿ ಎಣಿಸುತ್ತದೆ. ಪದವನ್ನು ಹಾಗೆ ಬಿಡಿಸಿ, ಆ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ ಎರಡು ಟೆಸ್ಟ್‌ಗಳೂ ಪಾಸು.

ರೂಬಿಯಲ್ಲಿ ಟೆಸ್ಟ್ ಇನ್ನಷ್ಟು ಅಗತ್ಯವಾಗಲು ಒಂದು ಗಟ್ಟಿ ಕಾರಣವಿದೆ. ಜಾವಾದಂಥ ಭಾಷೆಗಳಲ್ಲಿ ಹೆಸರು ತಪ್ಪಿದರೆ, ಸಂಖ್ಯೆ ಇರಬೇಕಾದ ಕಡೆ ಪಠ್ಯ ಕೊಟ್ಟರೆ ಕಂಪೈಲರ್ ಮೊದಲೇ ತಡೆಯುತ್ತದೆ. ರೂಬಿಯಲ್ಲಿ ಆ ಕಾವಲು ಇಲ್ಲ. ‘ಇಫ್’ನ ಒಂದು ಕವಲಿನಲ್ಲಿ ಮೆಥಡ್‌ನ ಹೆಸರು ತಪ್ಪಾಗಿ ಬರೆದಿದ್ದರೂ ಆ ಸಾಲು ನಿಜವಾಗಿ ಓಡುವವರೆಗೆ ರೂಬಿ ಏನೂ ಹೇಳುವುದಿಲ್ಲ. ಅದು ಓಡುವುದು ಗ್ರಾಹಕರ ಎದುರಿಗೋ ಟೆಸ್ಟ್‌ನ ಒಳಗೋ ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕು. ಭಾಷೆ ಕೊಟ್ಟಿರುವ ಸ್ವಾತಂತ್ರ್ಯದ ಬೆಲೆ ಅದು. ಆ ಬೆಲೆಯನ್ನು ಮುಚ್ಚಿಟ್ಟು ರೂಬಿ ಸುಲಭ ಎಂದಷ್ಟೇ ಹೇಳಿ ಕಲಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ಸಣ್ಣ ಲೆಕ್ಕಗಳಲ್ಲೂ ಇದೇ ಪಾಠ ಸಿಗುತ್ತದೆ. 34 ಮತ್ತು 35 ಅಂಕಗಳ ಸರಾಸರಿ 34.5 ಬರಬೇಕು ಎಂದು ಟೆಸ್ಟ್ ಬರೆದು ಓಡಿಸಿದರೆ ರೂಬಿ 34 ಎನ್ನುತ್ತದೆ, ಏಕೆಂದರೆ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಸಿಗುತ್ತದೆ. 0.1ಕ್ಕೆ 0.2 ಕೂಡಿದರೆ 0.3 ಬರಬೇಕು ಎಂಬ ಟೆಸ್ಟ್ ಕೂಡ ಫೇಲಾಗಿ 0.30000000000000004 ಎಂಬ ಸಂಖ್ಯೆ ತೋರಿಸುತ್ತದೆ. ಕೀಬೋರ್ಡ್‌ನಿಂದ ಓದಿದ ಪದದ ಕೊನೆಗೆ ಕಣ್ಣಿಗೆ ಕಾಣದ ಹೊಸ ಸಾಲಿನ ಚಿಹ್ನೆ ಅಂಟಿಕೊಂಡೇ ಬರುತ್ತದೆ. ಪರದೆಯ ಮೇಲೆ ಉತ್ತರ ಮುದ್ರಿಸಿ ನೋಡಿದರೆ ಅದು ಗಮನಕ್ಕೆ ಬರುವುದೇ ಇಲ್ಲ, ಟೆಸ್ಟ್ ಮಾತ್ರ ಎರಡೂ ಒಂದೇ ಅಲ್ಲ ಎಂದು ಹೇಳಿಬಿಡುತ್ತದೆ. ಬರೆದ ಸಾಲನ್ನು ಆಗಲೇ ಓಡಿಸಿ ತೋರಿಸುವ, ರೂಬಿಯ ಐಆರ್‌ಬಿಯಲ್ಲಿ ಒಂದೊಂದೇ ಸಾಲು ಕೊಟ್ಟು ಆಟವಾಡಿಯೂ ಇದನ್ನೆಲ್ಲ ಕಲಿಯಬಹುದು, ಕಲಿಯಲೂಬೇಕು. ಆದರೆ ಐಆರ್‌ಬಿಯಲ್ಲಿ ಸಿಕ್ಕ ಉತ್ತರ ಮುಂದಿನ ತಿಂಗಳು ಕೋಡ್ ಬದಲಾದಾಗ ತಾನಾಗಿ ಎದ್ದುಬಂದು ಎಚ್ಚರಿಸುವುದಿಲ್ಲ.

ಹೀಗೆ ಕಲಿಸುವ ಪರಂಪರೆಯೇ ರೂಬಿಗಿದೆ ಎಂಬುದು ನಮ್ಮಲ್ಲಿ ಅನೇಕ ಶಿಕ್ಷಕರ ಗಮನಕ್ಕೆ ಬಂದಿಲ್ಲ. ಬ್ರಯಾನ್ ಮ್ಯಾರಿಕ್ 2007ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಪ್ರೋಗ್ರಾಮಿಂಗ್ ಹಿನ್ನೆಲೆ ಇಲ್ಲದ ಟೆಸ್ಟರ್‌ಗಳಿಗೆ ಟೆಸ್ಟ್ ಮೊದಲು ಬರೆಯುತ್ತಲೇ ರೂಬಿ ಕಲಿಸುತ್ತದೆ. ಜಿಮ್ ವೈರಿಕ್ ಮತ್ತು ಜೋ ಓಬ್ರೈನ್ ರೂಪಿಸಿದ ‘ರೂಬಿ ಕೋನ್ಸ್’ ಇನ್ನೊಂದು. ಅದು ಪೂರ್ತಿ ಟೆಸ್ಟ್‌ಗಳಿಂದಲೇ ಕಟ್ಟಿದ ಪಾಠ. ಪ್ರತಿ ಟೆಸ್ಟ್‌ನಲ್ಲೂ ಒಂದು ಖಾಲಿ ಜಾಗ. ಓಡಿಸಿದರೆ ಮೊದಲ ತಪ್ಪಿನ ಬಳಿ ನಿಂತು, ಯಾವ ಸಾಲನ್ನು ಧ್ಯಾನಿಸಬೇಕು ಎಂದು ಹೇಳುತ್ತದೆ. ಸರಿಯಾದ ಉತ್ತರ ತುಂಬಿದರೆ ಒಂದು ಹೆಜ್ಜೆ ಮುಂದೆ. ವೈರಿಕ್ 2014ರಲ್ಲಿ ತೀರಿಕೊಂಡರು, ಅವರ ಪಾಠದಿಂದ ರೂಬಿ ಕಲಿಯುವವರು ಇಂದಿಗೂ ಇದ್ದಾರೆ. ಕತ್ರೀನಾ ಓವೆನ್ ತಮ್ಮ ರೂಬಿ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು 2013ರಲ್ಲಿ ಶುರು ಮಾಡಿದ ‘ಎಕ್ಸರ್ಸಿಸಮ್’ ಈಗ ಹತ್ತಾರು ಭಾಷೆಗಳಿಗೆ ಹಬ್ಬಿದೆ, ಕಲಿಯಲು ದುಡ್ಡು ಕೊಡಬೇಕಿಲ್ಲ. ಅಲ್ಲಿನ ರೂಬಿ ಅಭ್ಯಾಸಗಳಲ್ಲಿ ಟೆಸ್ಟ್‌ಗಳನ್ನು ಬರೆದೇ ಕೊಟ್ಟಿರುತ್ತಾರೆ. ಮೊದಲನೆಯದನ್ನು ಬಿಟ್ಟು ಉಳಿದವುಗಳ ಮೇಲೆ ‘ಸ್ಕಿಪ್’ ಎಂದಿರುತ್ತದೆ. ಒಂದು ಪಾಸಾದ ಮೇಲೆ ಮುಂದಿನದರ ‘ಸ್ಕಿಪ್’ ತೆಗೆಯಬೇಕು. ಒಮ್ಮೆಗೆ ಒಂದೇ ಕಷ್ಟ ಎಂಬ ಶಿಸ್ತು ಇದರಿಂದ ಬೆರಳುಗಳಿಗೇ ಅಭ್ಯಾಸವಾಗುತ್ತದೆ.

ರೂಬಿ ಕೋನ್ಸ್, ಎಕ್ಸರ್ಸಿಸಮ್ ಎರಡರಲ್ಲೂ ಒಂದು ಕೊರತೆಯಿದೆ. ಟೆಸ್ಟ್ ಬೇರೆಯವರು ಬರೆದದ್ದು. ಯಾವ ಉದಾಹರಣೆ ಆರಿಸಬೇಕು, ಯಾವ ಅಂಚಿನಲ್ಲಿ ಪ್ರೋಗ್ರಾಂ ಮುರಿಯಬಹುದು ಎಂಬ ಯೋಚನೆ ಕಲಿಯುವವರ ಪಾಲಿಗೆ ಬರುವುದಿಲ್ಲ. ಕೆಲವು ವಾರಗಳ ನಂತರ ಆ ಊರುಗೋಲನ್ನು ಬದಿಗಿಟ್ಟು ತಾವೇ ಟೆಸ್ಟ್ ಬರೆಯಲು ತೊಡಗಬೇಕು.

ಕನ್ನಡದವರಿಗೆ ಅಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದ ವಿಷಯ ಛಂದಸ್ಸು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ ಅಂಕ ಪಡೆದವರೆಲ್ಲರಿಗೂ ನಿಯಮ ಗೊತ್ತು: ಹ್ರಸ್ವ ಲಘು, ಒಂದು ಮಾತ್ರೆ. ದೀರ್ಘ ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗ ಇದ್ದರೆ ಗುರು. ಒತ್ತಕ್ಷರದ ಹಿಂದಿನದು ಗುರು. ಇದನ್ನು ಪ್ರೋಗ್ರಾಂ ಮಾಡಲು ಹೊರಟವರು ಮೊದಲು ‘ಕವಿ’ ಕೊಟ್ಟರೆ 2 ಮಾತ್ರೆ ಬರಬೇಕು ಎಂದು ಬರೆಯಲಿ. ಆಮೇಲೆ ‘ಮೈಸೂರು’ 5. ಆಮೇಲೆ ‘ಕಂದ’ 3. ಒಂದೊಂದು ಟೆಸ್ಟ್ ಒಂದೊಂದು ನಿಯಮವನ್ನು ಕೋಡ್ ಒಳಗೆ ತರುತ್ತದೆ. ನಾಲ್ಕನೆಯದಾಗಿ ‘ಕನ್ನಡ’ ಬರಲಿ: ಗುರು, ಲಘು, ಲಘು, ಒಟ್ಟು 4. ಇಲ್ಲಿ ಪ್ರೋಗ್ರಾಂ ಎಡವುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ‘ಲೆಂಗ್ತ್’ ಮೆಥಡ್‌ಗೆ ಕೇಳಿದರೆ 5 ಎನ್ನುತ್ತದೆ. ವಿಕಟಕವಿಯನ್ನು ಉಳಿಸಿದ ‘ಗ್ರಾಫೀಮ್ ಕ್ಲಸ್ಟರ್ಸ್’ ಕೂಡ ‘ನ್’ ಮತ್ತು ‘ನ’ವನ್ನು ಬೇರೆ ಮಾಡಿ 4 ಎನ್ನುತ್ತದೆ. ಕನ್ನಡ ಮೇಷ್ಟ್ರು ಎಣಿಸುವುದು 3. ಈಗ ಕಲಿಯುವವರು ಒತ್ತಕ್ಷರವನ್ನು ಜೋಡಿಸುವ ತರ್ಕವನ್ನು ತಾವೇ ಬರೆಯಬೇಕು. ಬರೆಯುವಾಗ ಮೊದಲ ಮೂರು ಟೆಸ್ಟ್‌ಗಳು ಬೆನ್ನಿಗಿರುತ್ತವೆ, ಏನಾದರೂ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಕೊನೆಗೆ ಭಾಮಿನೀ ಷಟ್ಪದಿಯ ಒಂದು ಪದ್ಯವನ್ನೇ ಕೊಡಬಹುದು: ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23.

ಇದರಲ್ಲಿ ಇನ್ನೊಂದು ಲಾಭವೂ ಇದೆ, ಬಹುಶಃ ಎಲ್ಲಕ್ಕಿಂತ ದೊಡ್ಡದು. ಈ ಟೆಸ್ಟ್‌ಗಳನ್ನು ರೂಬಿ ಗೊತ್ತಿಲ್ಲದ ಕನ್ನಡ ಅಧ್ಯಾಪಕರು ಓದಬಲ್ಲರು. ಪದ ಒಂದು ಕಡೆ, ಮಾತ್ರೆ ಇನ್ನೊಂದು ಕಡೆ, ಅಷ್ಟೇ. ಅವರು ಓದಿ, ಹಳಗನ್ನಡದಲ್ಲಿ ಶಿಥಿಲದ್ವಿತ್ವ ಬಂದರೆ ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದಲ್ಲ, ಅದಕ್ಕೇನು ಮಾಡಿದಿರಿ ಎಂದು ಕೇಳಬಲ್ಲರು. ಆ ಪ್ರಶ್ನೆ ಹಾಗೆಯೇ ಐದನೇ ಟೆಸ್ಟ್ ಆಗುತ್ತದೆ. ವಿಷಯ ಬಲ್ಲವರು ಮತ್ತು ಕೋಡ್ ಬಲ್ಲವರು ಒಂದೇ ಹಾಳೆಯ ಮುಂದೆ ಕುಳಿತು ಮಾತಾಡುವುದು ನಮ್ಮ ಭಾಷಾ ತಂತ್ರಜ್ಞಾನದಲ್ಲಿ ತುಂಬ ಅಪರೂಪ. ಅಂಥ ಮಾತಿಗೆ ಟೆಸ್ಟ್‌ಗಳ ಪಟ್ಟಿಗಿಂತ ಒಳ್ಳೆಯ ಹಾಳೆ ಸಿಗುವುದು ಕಷ್ಟ. ರೂಬಿಯಲ್ಲಿ ಆ ಟೆಸ್ಟ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆಯಬಹುದು. ಆರಂಭದ ‘ಟೆಸ್ಟ್’ ಎಂಬ ಪದ ಮತ್ತು ಅದರ ಮುಂದಿನ ಅಡಿಗೆರೆ ಇಂಗ್ಲಿಷಿನಲ್ಲಿರಬೇಕು, ಉಳಿದದ್ದು ‘ಒತ್ತಕ್ಷರದ_ಹಿಂದಿನದು_ಗುರು’ ಎಂದಿದ್ದರೂ ರೂಬಿ ತಕರಾರು ಮಾಡುವುದಿಲ್ಲ. ಕ್ಲಾಸ್‌ನ ಹೆಸರಿಗೆ ಮಾತ್ರ ಈ ಸೌಲಭ್ಯವಿಲ್ಲ. ಅದು ದೊಡ್ಡಕ್ಷರದಿಂದ ಶುರುವಾಗಬೇಕು ಎಂಬುದು ರೂಬಿಯ ನಿಯಮ, ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ.

ಈ ಪದ್ಧತಿಗೆ ವಿರೋಧವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2014ರ ಏಪ್ರಿಲ್‌ನಲ್ಲಿ ರೇಲ್ಸ್‌ನ ಜನಕ ಹ್ಯಾನ್ಸನ್ ಅವರೇ ಟಿಡಿಡಿ ಸತ್ತಿದೆ ಎಂದು ಬರೆದರು. ಟೆಸ್ಟ್‌ಗೆ ಅನುಕೂಲವಾಗಲಿ ಎಂದು ಕೋಡನ್ನು ಅನಗತ್ಯವಾಗಿ ಒಡೆದು, ನಡುವೆ ಪದರದ ಮೇಲೆ ಪದರ ಸೇರಿಸಿ ವಿನ್ಯಾಸವನ್ನೇ ಕೆಡಿಸುತ್ತಿದ್ದಾರೆ ಎಂಬುದು ಅವರ ದೂರು. ಕೆಂಟ್ ಬೆಕ್, ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಮತ್ತು ಹ್ಯಾನ್ಸನ್ ಆ ವರ್ಷವೇ ಸರಣಿ ಸಂವಾದ ನಡೆಸಿ ಇದನ್ನು ಚರ್ಚಿಸಿದರು. ದೊಡ್ಡ ವೆಬ್ ಅಪ್ಲಿಕೇಶನ್‌ಗಳ ಮಟ್ಟಿಗೆ ಹ್ಯಾನ್ಸನ್ ಮಾತಿನಲ್ಲಿ ಹುರುಳಿದೆ. ಆದರೆ ಅವರೂ ಟೆಸ್ಟ್ ಬೇಡ ಎನ್ನಲಿಲ್ಲ, ಮೊದಲೇ ಬರೆಯಬೇಕೆಂಬ ಕಟ್ಟಳೆ ಬೇಡ ಎಂದರು. ಮಾತ್ರೆ ಎಣಿಸುವ, ಸರಾಸರಿ ತೆಗೆಯುವ ಹತ್ತು ಸಾಲಿನ ಮೆಥಡ್‌ಗಳಿಗೆ ಅವರು ಹೇಳಿದ ಅಪಾಯ ಅನ್ವಯಿಸುವುದಿಲ್ಲ. ಹಲವು ವರ್ಷ ಟೆಸ್ಟ್ ಬರೆದು ನುರಿತವರು ಯಾವಾಗ ಬಿಡಬಹುದು ಎಂದು ನಿರ್ಧರಿಸಬಲ್ಲರು. ಒಂದೂ ಬರೆಯದವರಿಗೆ ಆ ವಿವೇಕ ಎಲ್ಲಿಂದ ಬರಬೇಕು?

ಟೆಸ್ಟ್ ಬರೆದ ಮಾತ್ರಕ್ಕೆ ಪರಿಹಾರ ಹೊಳೆಯುವುದಿಲ್ಲ ಎಂಬುದು ಎರಡನೆಯ ಆಕ್ಷೇಪ, ಅದಕ್ಕೆ ಪ್ರಸಿದ್ಧ ಉದಾಹರಣೆ ಸುಡೊಕು. ಈ ಪದ್ಧತಿಯ ಹಿರಿಯ ಪ್ರತಿಪಾದಕ ರಾನ್ ಜೆಫ್ರೀಸ್ 2006ರಲ್ಲಿ ಟೆಸ್ಟ್ ಮೊದಲು ಬರೆಯುತ್ತ ಸುಡೊಕು ಬಿಡಿಸುವ ಪ್ರೋಗ್ರಾಂ ಕಟ್ಟಲು ಹೊರಟು, ಹಲವು ಲೇಖನಗಳ ನಂತರ ಮುಗಿಸದೆ ಬಿಟ್ಟರು. ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ ಅದೇ ಸಮಸ್ಯೆಯನ್ನು ಸರಿಯಾದ ವಿಧಾನ ಆರಿಸಿಕೊಂಡು ಒಂದು ಚಿಕ್ಕ ಪ್ರಬಂಧದಲ್ಲಿ ಬಿಡಿಸಿ ತೋರಿಸಿದರು. ಟೆಸ್ಟ್ ಬರೆಯುತ್ತ ಹೋದರೆ ಅಲ್ಗಾರಿದಮ್ ತಾನಾಗಿ ಉದ್ಭವಿಸುತ್ತದೆ ಎಂದು ನಂಬುವವರು ಈ ಘಟನೆಯನ್ನು ಓದಬೇಕು. ಗಣಿತ ಗೊತ್ತಿಲ್ಲದಿದ್ದರೆ ಟೆಸ್ಟ್ ಅದನ್ನು ಕಲಿಸುವುದಿಲ್ಲ. ಟೆಸ್ಟ್‌ಗಳು ತಪ್ಪು ಇರುವುದನ್ನು ತೋರಿಸಬಲ್ಲವೇ ಹೊರತು ತಪ್ಪೇ ಇಲ್ಲ ಎಂದು ಸಾಬೀತು ಮಾಡಲಾರವು ಎಂಬ, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರ ಅವರ ಎಚ್ಚರಿಕೆಯೂ ಅಷ್ಟೇ ನಿಜ. ‘ಕನಕ’, ‘ನಯನ’ಗಳನ್ನಷ್ಟೇ ಟೆಸ್ಟ್‌ನಲ್ಲಿ ಬರೆದಿದ್ದರೆ ಟೆಸ್ಟ್ ಮೊದಲು ಬರೆದೂ ಉಪಯೋಗವಿರುತ್ತಿರಲಿಲ್ಲ.

ಸಮಯ ಹಿಡಿಯುತ್ತದೆ ಎಂಬುದು ಮೂರನೆಯದು. ಹಿಡಿಯುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೈಕ್ರೋಸಾಫ್ಟ್‌ನ ಮೂರು ಮತ್ತು ಐಬಿಎಮ್‌ನ ಒಂದು ತಂಡವನ್ನು ಪರಿಶೀಲಿಸಿತು. ಅದೇ ಬಗೆಯ, ಟಿಡಿಡಿ ಬಳಸದ ಯೋಜನೆಗಳಿಗೆ ಹೋಲಿಸಿದರೆ ಬಿಡುಗಡೆಗೆ ಮುಂಚಿನ ದೋಷಗಳ ಸಾಂದ್ರತೆ ಶೇ 40ರಿಂದ 90ರಷ್ಟು ಕಡಿಮೆಯಾಗಿತ್ತು. ಆರಂಭಿಕ ಕೆಲಸದ ಸಮಯ ಮಾತ್ರ ಶೇ 15ರಿಂದ 35ರಷ್ಟು ಹೆಚ್ಚಾಯಿತು ಎಂದು ಆ ತಂಡಗಳ ವ್ಯವಸ್ಥಾಪಕರು ಅಂದಾಜಿಸಿದ್ದರು. ಅವರೆಲ್ಲ ವೃತ್ತಿಪರರು, ವಿದ್ಯಾರ್ಥಿಗಳಲ್ಲ, ಆ ಅಂಕಿಗಳನ್ನು ತರಗತಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ಕಲಿಯುವವರ ಸಮಯದ ಲೆಕ್ಕವೇ ಬೇರೆ. ಬೇಗ ಮುಗಿಸಿ ಅವರು ಯಾರಿಗೂ ಏನನ್ನೂ ಒಪ್ಪಿಸಬೇಕಿಲ್ಲ. ನಿಧಾನವಾಗಿ ಯೋಚಿಸುವುದೇ ಅವರ ಕೆಲಸ.

ಹಾಗೆ ಯೋಚಿಸಲು ನಮ್ಮ ಕಾಲೇಜುಗಳ ಲ್ಯಾಬ್ ಅವಕಾಶ ಕೊಡುತ್ತಿದೆಯೇ? ವಿದ್ಯಾರ್ಥಿ ಪಟ್ಟಿಯಲ್ಲಿರುವ ಪ್ರೋಗ್ರಾಂಗಳನ್ನು ರೆಕಾರ್ಡ್ ಪುಸ್ತಕಕ್ಕೆ ಅಂದವಾಗಿ ಇಳಿಸುತ್ತಾನೆ, ಬಲ್ಲವರು ಮೊದಲೇ ಓಡಿಸಿ ನೋಡಿದ ಇನ್‌ಪುಟ್ ಕೊಟ್ಟು ಔಟ್‌ಪುಟ್ ತೋರಿಸುತ್ತಾನೆ, ಮೇಡಂ ಸಹಿ ಹಾಕುತ್ತಾರೆ. ಪರೀಕ್ಷೆಯ ದಿನ ಚೀಟಿಯಲ್ಲಿ ಬಂದ ಪ್ರೋಗ್ರಾಂ ಬಾಯಿಪಾಠ ಬಂದರೆ ಪಾಸು. ತಪ್ಪು ಇನ್‌ಪುಟ್ ಕೊಟ್ಟರೆ ಏನಾಗುತ್ತದೆ, ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಕೆಂಪು ಅಕ್ಷರದ ಎರರ್ ಕಂಡರೆ ವಿದ್ಯಾರ್ಥಿಗೆ ನಾಚಿಕೆ, ಬೇರೆಯವರಿಗೆ ಕಾಣಬಾರದೆಂಬ ಅವಸರ. ಟೆಸ್ಟ್ ಮೊದಲು ಬರೆಯುವಲ್ಲಿ ಎರರ್ ಬರಲೇಬೇಕು, ಬಾರದಿದ್ದರೆ ಏನೋ ತಪ್ಪಾಗಿದೆ ಎಂದರ್ಥ. ಫೇಲಾಗುವುದನ್ನು ದಿನವೂ ನೋಡಿ, ಓದಿ, ಸರಿಪಡಿಸಿದ ಹುಡುಗ ಹುಡುಗಿಯರಿಗೆ ಎರರ್ ಮೆಸೇಜಿನ ಭಯ ಹೋಗುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ, ಮನೆಯಲ್ಲಿ ಕೇಳಲು ಯಾರೂ ಇಲ್ಲದ, ಊರಿನಲ್ಲಿ ಒಬ್ಬರೇ ಕುಳಿತು ಕಲಿಯುವವರಿಗೆ ಇದರಿಂದ ಸಿಗುವ ಧೈರ್ಯ ಸಣ್ಣದಲ್ಲ. ಸರಿಯೋ ತಪ್ಪೋ ಹೇಳಲು ಅವರಿಗೆ ಮೇಷ್ಟ್ರ ಸಹಿ ಬೇಕಾಗುವುದಿಲ್ಲ.

ಕೇಳಿದೊಡನೆ ಕೋಡ್ ಬರೆದುಕೊಡುವ ಎಐ ಈಗ ಪ್ರತಿಯೊಬ್ಬರ ಫೋನಿನಲ್ಲಿದೆ. ಹೊಸಬರು ಅದನ್ನು ಮುಟ್ಟಬಾರದು ಎಂದು ಹೇಳಿ ಪ್ರಯೋಜನವಿಲ್ಲ, ಮುಟ್ಟಿಯೇ ಮುಟ್ಟುತ್ತಾರೆ. ಅದು ಕೊಟ್ಟ ಇಪ್ಪತ್ತು ಸಾಲು ನೋಡಲು ಸೊಗಸಾಗಿರುತ್ತದೆ. ಸರಿಯೇ ಎಂದು ತೀರ್ಮಾನಿಸುವಷ್ಟು ಓದುವ ಶಕ್ತಿ ಕಲಿಯುವವರಿಗೆ ಇನ್ನೂ ಬಂದಿರುವುದಿಲ್ಲ. ಆದರೆ ‘ಕನ್ನಡ’ಕ್ಕೆ ನಾಲ್ಕು ಮಾತ್ರೆ ಬರಬೇಕು ಎಂಬುದು ಅವರಿಗೆ ಗೊತ್ತು. ಟೆಸ್ಟ್‌ಗಳನ್ನು ತಾವೇ, ತಮ್ಮ ಕೈಯಾರೆ ಮೊದಲು ಬರೆದಿಟ್ಟುಕೊಂಡವರು ಯಂತ್ರ ಕೊಟ್ಟ ಕೋಡನ್ನು ಅವುಗಳ ಮುಂದೆ ನಿಲ್ಲಿಸಿ ಕೇಳಬಹುದು. ಟೆಸ್ಟ್‌ಗಳನ್ನೂ ಯಂತ್ರದಿಂದಲೇ ಬರೆಸಿದರೆ ಕೇಳುವವರೂ ಉತ್ತರಿಸುವವರೂ ಒಬ್ಬರೇ ಆಗುತ್ತಾರೆ, ಕಲಿಯುವವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಶುರು ಮಾಡಲು ಹೆಚ್ಚೇನೂ ಬೇಡ. ಇಂದಿನ ರೂಬಿಯನ್ನು ಹಾಕಿಕೊಂಡರೆ ‘ಮಿನಿಟೆಸ್ಟ್’ ಎಂಬ ಲೈಬ್ರರಿ ಸಾಮಾನ್ಯವಾಗಿ ಜೊತೆಯಲ್ಲೇ ಬಂದಿರುತ್ತದೆ. ಫೈಲಿನ ತಲೆಯಲ್ಲಿ ಅದನ್ನು ಕರೆಯುವ ಒಂದು ಸಾಲು, ಕೆಳಗೆ ಒಂದು ಕ್ಲಾಸ್, ಅದರೊಳಗೆ ಒಂದು ಟೆಸ್ಟ್ ಸಾಕು. ಓಡಿಸಿದಾಗ ಪಾಸಾದ ಪ್ರತಿ ಟೆಸ್ಟ್‌ಗೆ ಒಂದು ಚುಕ್ಕಿ, ಉತ್ತರ ತಪ್ಪಿದರೆ ‘ಎಫ್’, ಕೋಡ್ ಮುರಿದರೆ ‘ಇ’ ಬರುತ್ತದೆ. ಕಾಲೇಜುಗಳು ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ, ಭಾಷೆ ರೂಬಿಯೇ ಆಗಬೇಕೆಂದೂ ಇಲ್ಲ. ಈಗಿರುವ ರೆಕಾರ್ಡ್ ಪುಸ್ತಕದಲ್ಲೇ ಬಲಬದಿಯ ಗೆರೆಹಾಳೆಯಲ್ಲಿ ಪ್ರೋಗ್ರಾಂ ಬರೆಯುವ ಮುನ್ನ ಎಡಬದಿಯ ಖಾಲಿ ಹಾಳೆಯಲ್ಲಿ ಟೆಸ್ಟ್‌ಗಳನ್ನು ಬರೆಸಬಹುದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ತಮ್ಮ ಕಡೆಯಿಂದ ಎರಡು ಟೆಸ್ಟ್ ತಂದು ಓಡಿಸಿ ನೋಡಬಹುದು. ವಿದ್ಯಾರ್ಥಿಗೆ ಹೊಳೆಯದ ಒಂದು ಉದಾಹರಣೆ ಅದರಲ್ಲಿದ್ದರೆ, ಮೌಖಿಕ ಪರೀಕ್ಷೆಯ ಅಂಕಗಳನ್ನು ಆ ಉದಾಹರಣೆಯ ಬಗ್ಗೆ ಅವರು ಆಡುವ ಮಾತಿಗೆ ಕೊಡಬಹುದು.